ಹದಿಮೂರು ಹೊಸ ಭಾಗಗಳು

ತಾವರಗೇರಾದ ದೇವೇಂದ್ರಪ್ಪ ಸಾವ್ಕಾರನ ವಖಾರಿಯಲ್ಲಿ ನಲವತ್ತು ಹೆಂಗಸರು ಶೇಂಗಾ ಸುಲಿಯುತ್ತಿದ್ದರು. ಎಲ್ಲರೂ ಕೆಳಗೇರಿಯವರು. ಬೆರಳಿನಿಂದಲೇ ಸುಲಿಯಬೇಕು. ಬೆರಳು ಸೋತಾಗ ಹಲ್ಲಿನಿಂದ ಒಡೆಯುವಂತಿರಲಿಲ್ಲ. ಹಲ್ಲು ತಾಗಿದರೆ ಕಾಳು ಮೈಲಿಗೆ. ಬೆರಳು ತಾಗಿದರೆ ಮೈಲಿಗೆಯಿಲ್ಲ. ಅವರ ಬೆರಳು ತಾಗದೆ ಸಾವ್ಕಾರನಿಗೆ ಕಾಳು ಬರುತ್ತಿರಲಿಲ್ಲ.

ಸಂಜೆ ಕೂಲಿ ಅಳೆಯುವ ಮೊದಲು ಒಂದು ಪರೀಕ್ಷೆ ಇತ್ತು. ಬಾಗಿಲಿನ ಬಳಿ ಒಂದು ಕರಿಕಲ್ಲು. ಗುಮಾಸ್ತ ಕೊಟ್ರಪ್ಪ ಕಟ್ಟೆಯ ಮೇಲೆ ನಿಂತು ಎತ್ತರದಿಂದ ನೀರು ಹೊಯ್ಯುವನು. ಹೆಂಗಸು ಬೊಗಸೆಯಲ್ಲಿ ಹಿಡಿದು, ಬಾಯಿ ಮುಕ್ಕಳಿಸಿ, ಆ ಕಲ್ಲಿನ ಮೇಲೆ ಉಗುಳಬೇಕು. ಉಗುಳಿನಲ್ಲಿ ಬಿಳಿಯ ಚೂರು ಕಂಡರೆ ಅವಳು ಕಾಳು ತಿಂದಿದ್ದಾಳೆ ಎಂದರ್ಥ. ಅರ್ಧ ಕೂಲಿ ಹೋಯಿತು. ಬಸುರಿಯೂ ಉಗುಳಬೇಕು. ಎಪ್ಪತ್ತರ ಮುದುಕಿಯೂ ಉಗುಳಬೇಕು. ಹಲ್ಲಿನ ಸಂದಿನಲ್ಲಿ ಮಧ್ಯಾಹ್ನದ ರೊಟ್ಟಿಯ ಚೂರು ಉಳಿದಿತ್ತು ಎಂದರೆ ಕೇಳುವವರಿರಲಿಲ್ಲ.

ಇದನ್ನು ನಾನು ಕಂಡಿದ್ದೇನೆ. ಸಾಲೆಯಿಂದ ನನ್ನ ಮನೆಗೆ ಹೋಗುವ ದಾರಿ ಆ ಬಾಗಿಲಿನ ಮುಂದೆಯೇ ಇತ್ತು. ಹನ್ನೊಂದು ವರ್ಷ ಕಂಡೆ. ಹನ್ನೊಂದು ವರ್ಷ ಸುಮ್ಮನಿದ್ದೆ. ನಾನು ಸಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಕೆಳಗೇರಿಯ ಮಕ್ಕಳು ಕಿಟಕಿಯ ಹೊರಗೆ ಕುಳಿತು ಮಗ್ಗಿ ಹೇಳುತ್ತಿದ್ದರು. ಅದನ್ನೂ ನಾನು ಬದಲಿಸಿರಲಿಲ್ಲ.

ಹುಲಿಗವ್ವನಿಗೆ ಆಗ ಮೂವತ್ತು ಮೂವತ್ತೆರಡು ವಯಸ್ಸು. ಗಂಡ ತೀರಿದ್ದ. ಅವಳ ಎರಡೂ ಹೆಬ್ಬೆರಳುಗಳಲ್ಲಿ ಉಗುರು ನಿಲ್ಲುತ್ತಿರಲಿಲ್ಲ. ಸುಗ್ಗಿಯಲ್ಲಿ ಉದುರುವುದು, ಬೇಸಿಗೆಯಲ್ಲಿ ಬರುವುದು, ಮತ್ತೆ ಸುಗ್ಗಿಯಲ್ಲಿ ಉದುರುವುದು. ಉಗುರಿಲ್ಲದ ಬೆರಳಿಗೆ ಜಾಲಿಯ ಅಂಟು ಸವರಿ ಬಟ್ಟೆ ಸುತ್ತಿಕೊಂಡು ಸುಲಿಯುತ್ತಿದ್ದಳು.

ಅದೇ ವಖಾರಿಯ ಒಳಗೆ ಎರಡು ಮಶೀನುಗಳಿದ್ದವು. ಮರದ ಕಾಲು. ಅರ್ಧ ಪೀಪಾಯಿಯಂಥ ಕಬ್ಬಿಣದ ಜಾಲರಿ. ಜಾಲರಿಯೊಳಗೆ ತೂಗಾಡುವ, ಹಲ್ಲುಗಳಿರುವ ಹಲಗೆ. ಮೇಲೆ ಹಿಡಿಕೆ. ಹಿಡಿಕೆಯನ್ನು ಹಿಂದೆ ಮುಂದೆ ತಳ್ಳಿದರೆ ಕಾಯಿ ಒಡೆದು ಕಾಳೂ ಹೊಟ್ಟೂ ಕೆಳಗೆ ಬೀಳುತ್ತಿದ್ದವು. ಒಬ್ಬರು ಹತ್ತು ಜನರ ಕೆಲಸ ಮಾಡಬಹುದಿತ್ತು. ಎಣ್ಣೆಗೆ ಹೋಗುವ ಕಾಳು ಮಶೀನಿನಲ್ಲಿ ಒಡೆಯುತ್ತಿತ್ತು. ಬೀಜಕ್ಕೆ ಹೋಗುವ ಕಾಳು ಸೀಳಬಾರದು. ಅದು ಬೆರಳಿಗೆ ಉಳಿಯಿತು.

ಮಶೀನಿನ ಎದೆಗೆ ಹಿತ್ತಾಳೆಯ ತಗಡು ಹೊಡೆದಿತ್ತು. ಅದರ ಮೇಲೆ ಪೇಟೆಂಟಿನ ನಂಬರು. ಪೇಟೆಂಟ್ ಎಂದರೆ, ಆ ಬಗೆಯ ಯಂತ್ರವನ್ನು ಮಾಡುವ, ಮಾರುವ, ನಡೆಸುವ ಹಕ್ಕು ಒಬ್ಬನಿಗೇ ಸೇರಿದ್ದು ಎಂದು ಸರ್ಕಾರ ಬರೆದುಕೊಟ್ಟ ಕಾಗದ. ಅದು ದೇವೇಂದ್ರಪ್ಪನ ಹೆಸರಿನಲ್ಲಿತ್ತು. ಊರಿನವರು ಅದನ್ನು ಸಾವ್ಕಾರನ ಸನದು ಎನ್ನುತ್ತಿದ್ದರು. ಬಂಡಿಯ ಹಳಿ ಕಟ್ಟುವ ಶಾಮೀದಸಾಬ ಆ ಮಶೀನುಗಳನ್ನು ವರ್ಷಕ್ಕೆರಡು ಸಲ ರಿಪೇರಿ ಮಾಡುತ್ತಿದ್ದ. ಅದರ ಅಳತೆಯೆಲ್ಲ ಅವನ ಗೇಣಿನಲ್ಲಿತ್ತು. ಆದರೆ ಇನ್ನೊಂದನ್ನು ಮಾಡುವಂತಿರಲಿಲ್ಲ. ಮಾಡಿದರೆ ದಾವೆ.

ಸನದನ್ನು ಜೀವಂತ ಇಡಬೇಕಾದರೆ ನಾಲ್ಕನೆಯ ವರ್ಷ ತುಂಬುವುದರೊಳಗೆ ಶುಲ್ಕ ಕಟ್ಟಬೇಕು. ಅದು ದೊರೆತದ್ದು ಶ್ರಾವಣದಲ್ಲಿ. ಕೊಟ್ರಪ್ಪ ತನ್ನ ಪುಸ್ತಕದಲ್ಲಿ, ಶ್ರಾವಣಕ್ಕೆ ನಾಲ್ಕು ವರ್ಷ, ಎಂದು ಬರೆದಿಟ್ಟುಕೊಂಡಿದ್ದ. ಸರ್ಕಾರದ ಫಸಲಿ ಲೆಕ್ಕದ ಸಾವಿರದ ಮುನ್ನೂರ ನಲವತ್ತೆಂಟರಲ್ಲಿ ಶ್ರಾವಣ ಎರಡು ಬಂದವು. ಮೊದಲನೆಯದು ಅಧಿಕ, ಎರಡನೆಯದು ನಿಜ. ಅಧಿಕ ಮಾಸವನ್ನು ಸಾವ್ಕಾರನ ಮನೆಯಲ್ಲಿ ತಿಂಗಳೆಂದು ಹಿಡಿಯುತ್ತಿರಲಿಲ್ಲ. ಆ ತಿಂಗಳು ಒಳ್ಳೆಯ ಕೆಲಸಕ್ಕೆ ಹಣ ಹೊರಗೆ ಹೋಗುತ್ತಿರಲಿಲ್ಲ. ಕೊಟ್ರಪ್ಪ ನಿಜ ಶ್ರಾವಣದ ಒಳ್ಳೆಯ ದಿನ ನೋಡಿ ಹಣ ಕಳಿಸಿದ. ಕಚೇರಿಯ ಫಸಲಿ ಪಂಚಾಂಗದಲ್ಲಿ ಅಧಿಕ ಇರಲಿಲ್ಲ, ನಿಜವೂ ಇರಲಿಲ್ಲ. ಅಲ್ಲಿ ಗಡುವಿನ ತಿಂಗಳಾದ ಶಹರೇವರ ಮುಗಿದಿತ್ತು. ಹಣ ತಿರುಗಿ ಬಂತು. ಸನದು ಸತ್ತಿತು.

ಸತ್ತದ್ದನ್ನು ಸರ್ಕಾರದ ಗೆಜೆಟ್ಟಾದ ಜರೀದಾದಲ್ಲಿ ಅಚ್ಚು ಹಾಕಿದರು. ಜರೀದಾ ಚಾವಡಿಗೆ ಬರುತ್ತಿತ್ತು. ಯಾರೂ ಓದುತ್ತಿರಲಿಲ್ಲ. ಹಳತಾದ ಮೇಲೆ ಅದರ ಖಾಲಿ ಅಂಚುಗಳನ್ನು ಮಕ್ಕಳ ಗುಣಾಕಾರಕ್ಕೆಂದು ನಾನು ತರುತ್ತಿದ್ದೆ. ರದ್ದಾದ ಪೇಟೆಂಟುಗಳ ಪಟ್ಟಿಯಲ್ಲಿ ಒಂದು ನಂಬರು ಕಂಡಿತು. ದಿನವೂ ಆ ಬಾಗಿಲು ದಾಟುವವನಿಗೆ ಆ ನಂಬರು ಬಾಯಿಪಾಠವಾಗಿತ್ತು. ಆದರೂ ಮರುದಿನ ಹೋಗಿ ತಗಡಿನ ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಅನಂತರ ಶಾಮೀದಸಾಬನ ಕುಲುಮೆಗೆ ಹೋದೆ.

“ಈಗ ಯಾರು ಬೇಕಾದ್ರೂ ಮಾಡಬಹುದು,” ಎಂದೆ.

“ನಾನು ಮಾಡಬಲ್ಲೆ ಮಾಸ್ತರ. ತಗೊಳ್ಳಾವ್ರು ಯಾರು?”

ಕುಡುಗೋಲಿಗೆ ಹಿಡಿ ಹಾಕಿಸಲು ಬಂದಿದ್ದ ಹುಲಿಗವ್ವ ಕುಲುಮೆಯ ಹೊರಗೆ ನಿಂತಿದ್ದಳು. “ನಾವು ತಗೋತೀವಿ,” ಎಂದಳು.

ಹನ್ನೊಂದು ಹೆಂಗಸರು ಸೇರಿದರು. ಕಾಲುಂಗುರ, ಒಂದು ಹಿತ್ತಾಳೆ ಕೊಡ, ಎರಡು ಕುರಿಮರಿ ಮಾರಿದರು. ಕಾರ್ತೀಕ ಮುಗಿಯುವುದರೊಳಗೆ ಮಶೀನು ಕೆಳಗೇರಿಯ ಬೇವಿನ ಬುಡದಲ್ಲಿ ನಿಂತಿತು. ಎಣ್ಣೆಯ ಗಾಣಕ್ಕೆ ಹೋಗುವ ಕಾಳಿಗೆ ಮೈಲಿಗೆ ಕೇಳುವವರಿಲ್ಲ. ರೈತರು ಚೀಲ ಇಳಿಸಿ ದೂರ ನಿಲ್ಲುತ್ತಿದ್ದರು, ಕಾಳು ಹೇರಿಕೊಂಡು ಹೋಗುತ್ತಿದ್ದರು. ಸುಲಿದ ಕಾಳಿನಲ್ಲಿ ಒಂದು ಪಾಲು ಹೆಂಗಸರದು. ತಿಂದರೆ ತಿಂದರು. ಯಾರೂ ಬಾಯಿ ನೋಡುತ್ತಿರಲಿಲ್ಲ. ಆ ಹನ್ನೊಂದು ಜನ ಮತ್ತೆ ವಖಾರಿಗೆ ಹೋಗಲಿಲ್ಲ.

ಹೀಗೆ ಒಂದು ಸುಗ್ಗಿ ಪೂರ್ತಿ ಕಳೆಯಿತು. ಎರಡನೆಯ ಸುಗ್ಗಿಯ ನಡುವೆ, ಸನದು ಸತ್ತು ಹದಿನಾರು ತಿಂಗಳಾದ ಮೇಲೆ, ಅದು ಮತ್ತೆ ಬದುಕಿತು. ಸಾವ್ಕಾರ ಅರ್ಜಿ ಕೊಟ್ಟಿದ್ದ. ಗುಮಾಸ್ತ ಎರಡು ಶ್ರಾವಣಗಳಲ್ಲಿ ತಪ್ಪಿದನು, ಇದರಲ್ಲಿ ದುರುದ್ದೇಶವಿಲ್ಲ, ಎಂದು ಬರೆಸಿದ್ದ. ಸರ್ಕಾರ ತಪ್ಪನ್ನು ಮನ್ನಿಸಿ, ಬಾಕಿ ಶುಲ್ಕ ಕಟ್ಟಿಸಿಕೊಂಡು, ಸನದನ್ನು ತಿರುಗಿ ಕೊಟ್ಟಿತು. ಒಂದು ತಿಂಗಳಿನ ತಪ್ಪಿಗೆ ಕ್ಷಮೆ ಇತ್ತು. ಉಗುಳಿನ ಒಂದು ಚೂರಿಗೆ ಇರಲಿಲ್ಲ.

ಠಾಣೆಯ ಅಮೀನ ಇಬ್ಬರು ಜವಾನರೊಂದಿಗೆ ಕೆಳಗೇರಿಗೆ ಬಂದ ದಿನ ಫಕೀರಮ್ಮ ಸಾಲೆಯ ಕಿಟಕಿಗೆ ಬಂದು ನಿಂತಳು. ಅವಳೂ ಹನ್ನೊಂದರಲ್ಲಿ ಒಬ್ಬಳು, ಎಲ್ಲರಿಗಿಂತ ಹಿರಿಯಳು.

“ಮಾಸ್ತರ್ರ, ಮಗ್ಗಿ ಆಮ್ಯಾಲ ಹೇಳಸ್ರಿ. ಮಶೀನಿಗಿ ಪೊಲೀಸರು ಬಂದಾರ.”

ಆ ಓಣಿಗೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ದೇವೇಂದ್ರಪ್ಪನೂ ಇಟ್ಟಿರಲಿಲ್ಲ. ಅವನು ಓಣಿಯ ಬಾಯಿಯಲ್ಲಿ ಕೊಡೆ ಹಿಡಿದು ನಿಂತಿದ್ದ. ನಾನು ಅವನನ್ನು ದಾಟಿ ಒಳಗೆ ಹೋದೆ.

ಹುಲಿಗವ್ವ ಮಶೀನಿನ ಹಿಡಿಕೆ ಹಿಡಿದು ನಿಂತಿದ್ದಳು. ಅಮೀನ ಕಾಗದ ಓದಿ ಮುಗಿಸಿದ್ದ.

“ಸನದು ಸಾವ್ಕಾರರದು. ಮಶೀನು ಕಳವಿನದು. ಬಿಡು ಕೈ.”

“ಕಳವು ಅಂದ್ರ ಯಾರ ಮನ್ಯಾಗಿಂದು ತಂದೀವ್ರಿ ಸಾಹೇಬ್ರ?” ಎಂದಳು ಫಕೀರಮ್ಮ. “ಅವ್ರವು ಎರಡೂ ವಖಾರ್ಯಾಗ ಅದಾವ. ಹೋಗಿ ಎಣಿಸಿ ಬರ್ರಿ.”

ನಾನು ಕಾಗದ ಕೇಳಿದೆ. ಅಮೀನ ಕೊಡಲಿಲ್ಲ. ಅವನ ಕೈಯಲ್ಲೇ ಅದರ ಕೊನೆಯ ಮಡಿಕೆ ಹಾಗೆಯೇ ಇತ್ತು, ಬಿಚ್ಚಿರಲಿಲ್ಲ. ಆ ಆಜ್ಞೆ ಜರೀದಾದಲ್ಲೂ ಅಚ್ಚಾಗಿತ್ತು, ನಾನು ಓದಿದ್ದೆ.

“ಸಾಹೇಬ್ರ, ಮೂರನೇ ಕಲಮು ಓದ್ರಿ.”

“ಅದು ಕಚೇರಿ ಮಾತು. ನಿಮಗ್ಯಾಕ್ರಿ ಮಾಸ್ತರ?”

“ಕಾಗದದಾಗ ಐತಿ. ಇದ್ದದ್ದು ಓದ್ರಿ.”

ಅವನು ಓದಿದ. ಉರ್ದುವಿನಲ್ಲಿ ಬೇಗ ಬೇಗ ಓದಿದ. ಸನದು ರದ್ದಾಗಿದ್ದ ಅವಧಿಯಲ್ಲಿ ಯಾರಾದರೂ ಆ ಯಂತ್ರವನ್ನು ಮಾಡಿದ್ದರೆ, ಮಾಡಿ ನಡೆಸುತ್ತಿದ್ದರೆ, ಆ ಯಂತ್ರದ ಬಗ್ಗೆ ಅವರ ಮೇಲೆ ದಾವೆ ನಡೆಯತಕ್ಕದ್ದಲ್ಲ.

“ಹಂಗಂದ್ರೇನ್ರಿ?” ಎಂದಳು ಹುಲಿಗವ್ವ. “ನಮ್ಮ ಮಾತಿನ್ಯಾಗ ಹೇಳ್ರಿ.”

“ಈ ಮಶೀನು ನಿಮ್ದು. ಇದನ್ನ ಮುಟ್ಟಾಕ ಯಾರಿಗೂ ಬರೂದಿಲ್ಲ. ಇನ್ನ ಮುಂದ ಹೊಸಾದು ಮಾತ್ರ ಮಾಡೂಹಂಗಿಲ್ಲ,” ಎಂದೆ.

“ನಮಗ ಒಂದ ಸಾಕು.”

ದೇವೇಂದ್ರಪ್ಪ ಓಣಿಯ ಬಾಯಿಯಿಂದಲೇ ಮಾತಾಡಿದ. ಅವನ ದನಿ ಯಾವಾಗಲೂ ಮೆತ್ತಗೆ. “ಹುಲಿಗವ್ವ, ಜಗಳ ಯಾಕಬೇ? ನಂದೊಂದು ತಗಡು ಹೊಡಸ್ತೀನಿ. ಮಶೀನು ಸಾವ್ಕಾರಂದು, ನಡಸಾಕ ಕೊಟ್ಟಾನ ಅಂತ ಹೆಬ್ಬಟ್ಟು ಒತ್ರಿ. ವಾರದಾಗ ಮೂರು ದಿನ ವಖಾರಿಗಿ ಬರ್ರಿ. ಉಳದ ದಿನ ನಿಮ್ಮ ಪಾಡಿಗಿ ನೀವು. ನಾ ಏನು ನಿಮ್ಮ ಹೊಟ್ಟಿಮ್ಯಾಲ ಹೊಡೀತೀನೇನು?”

“ಮೂರು ದಿನ ಉಗುಳೂದು, ನಾಕು ದಿನ ನುಂಗೂದು,” ಎಂದಳು ಫಕೀರಮ್ಮ. “ಛಲೋ ಲೆಕ್ಕ ಐತ್ರಿ ಸಾವ್ಕಾರ್ರ.”

ಹೆಂಗಸರು ನಕ್ಕರು. ಹುಲಿಗವ್ವ ನಗಲಿಲ್ಲ.

“ನಿಮ್ಮ ತಗಡು ನಿಮ್ಮ ಹಂತ್ಯಾಕ ಇರ್ಲಿ,” ಎಂದಳು. “ನಮ್ಮದರಾಗ ನಿಮ್ಮ ಮೊಳಿ ಬಡಿಯಾಕ ಬಿಡೂದಿಲ್ಲ. ಹೆಬ್ಬಟ್ಟೂ ಒತ್ತೂದಿಲ್ಲ. ವಖಾರಿಗೂ ಬರೂದಿಲ್ಲ.”

ಮೂರು ಇಲ್ಲಗಳು. ತಾವರಗೇರಾದಲ್ಲಿ ಕೆಳಗೇರಿಯ ಹೆಂಗಸು ಸಾವ್ಕಾರನ ಮುಖಕ್ಕೆ ಹೀಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ದೇವೇಂದ್ರಪ್ಪ ಕೊಡೆ ಮಡಚಿದ. ಅಮೀನ ಬರಿಗೈಯಲ್ಲಿ ಹೊರಟ.

ಬನದ ಹುಣ್ಣಿಮೆಗೆ ಕೆಳಗೇರಿಯ ಹೆಂಗಸರು ಹುಲಿಗಿಯ ಅಮ್ಮನ ಗುಡಿಗೆ ಹೋಗುತ್ತಾರೆ. ಹೋಗಿ ಬರಲು ನಾಲ್ಕು ದಿನ. ಇದು ಊರಿಗೆಲ್ಲ ತಿಳಿದ ಮಾತು. ಅವರು ಹೊರಟ ಎರಡನೆಯ ದಿನ, ಹಾಡುಹಗಲೇ, ಕೊಟ್ರಪ್ಪ ನಾಲ್ಕು ಜನ ಹಮಾಲರನ್ನು ಕರೆದುಕೊಂಡು ಬೇವಿನ ಬುಡಕ್ಕೆ ಬಂದ. ಹಾರೆ, ಗುದ್ದಲಿ, ದೊಡ್ಡ ಸುತ್ತಿಗೆ. ಓಣಿಯಲ್ಲಿ ಉಳಿದಿದ್ದವರು ಮುದುಕರು. ಬಾಗಿಲು ಹಾಕಿಕೊಂಡರು. ಬಡಿತ ಸಾಲೆಗೆ ಕೇಳಿಸಿತು. ಯಾರೋ ಬಂಡಿ ರಿಪೇರಿ ಮಾಡುತ್ತಿದ್ದಾರೆ ಎಂದುಕೊಂಡೆ.

ಹುಲಿಗವ್ವ ತಿರುಗಿ ಬಂದಾಗ ಜಾಲರಿ ಸೀಳಿತ್ತು. ಹಲಗೆಯ ಹಲ್ಲುಗಳು ಮಣ್ಣಿನಲ್ಲಿ ಬಿದ್ದಿದ್ದವು. ಒಂದು ಕಾಲು ಮುರಿದು, ಚೌಕಟ್ಟು ಕುಂಟ ಎತ್ತಿನಂತೆ ಒಂದು ಕಡೆ ವಾಲಿತ್ತು. ಅವಳು ತಲೆಯ ಮೇಲಿನ ಗಂಟು ಇಳಿಸಿ, ಚೂರುಗಳನ್ನೆಲ್ಲ ಆರಿಸಿ ಸೆರಗಿನಲ್ಲಿ ಹಾಕಿಕೊಂಡಳು.

ಬಾಜಾರದಲ್ಲಿ ಕೊಟ್ರಪ್ಪ ಎಲ್ಲರೂ ಕೇಳುವಂತೆ ಹುಲಿಗವ್ವನಿಗೆ ಹೇಳಿದ: “ಏ ಹುಲಿಗಿ, ಹೊಸಾದು ಮಾಡಸಬೇ. ಮಾಡಿಸಿ ನೋಡು. ಈಗ ಸನದಿಗಿ ಜೀವ ಐತಿ.”

ಅವರ ಲೆಕ್ಕ ಸರಿಯಾಗಿತ್ತು. ಹಳೆಯ ಮಶೀನಿಗೆ ರಕ್ಷಣೆ ಇತ್ತು. ಹೊಸದಕ್ಕೆ ಇರಲಿಲ್ಲ. ಹಳೆಯದನ್ನು ಇಲ್ಲವಾಗಿಸಿದರೆ ರಕ್ಷಣೆಯೂ ಇಲ್ಲವಾಗುತ್ತದೆ. ಹನ್ನೊಂದು ಜನ ಕರಿಕಲ್ಲಿನ ಮುಂದೆ ಬಂದು ನಿಲ್ಲುತ್ತಾರೆ.

ಚೌಕಟ್ಟನ್ನು ಬಂಡಿಯಲ್ಲಿ ಹೇರಿ ಕುಲುಮೆಗೆ ತಂದರು. ಶಾಮೀದಸಾಬ ಸುತ್ತ ತಿರುಗಿ ನೋಡಿದ.

“ರಿಪೇರಿ ಆಗತೈತಿ. ಆದ್ರ ಭಾಳ ಹೋಗೇತಿ ಬೇ. ಮಾಸ್ತರ, ಇದು ರಿಪೇರಿ ಅನಿಸ್ಕೋತೈತೋ, ಹೊಸಾದು ಅನಿಸ್ಕೋತೈತೋ? ನಾಳೆ ಬೇಡಿ ಬೀಳೂದು ನನ್ನ ಕೈಗಿ.”

ನಾನು ಎಣಿಸಿದೆ. ಒಟ್ಟು ಇಪ್ಪತ್ತಮೂರು ಭಾಗ. ಉಳಿದದ್ದು ಹತ್ತು. ಹೊಸದಾಗಿ ಹಾಕಬೇಕಾದದ್ದು ಹದಿಮೂರು. ಆಜ್ಞೆಯ ಮೂರನೆಯ ಕಲಮನ್ನು ನೆನಪಿನಲ್ಲಿ ತಿರುಗಾ ಮುರುಗಾ ಓದಿದೆ. ಮಾಡುವ ಮಾತಿತ್ತು, ನಡೆಸುವ ಮಾತಿತ್ತು. ಮುರಿದರೆ ಏನು ಎಂಬ ಮಾತಿರಲಿಲ್ಲ.

“ಹತ್ತಕ್ಕಿಂತ ಹದಿಮೂರು ಹೆಚ್ಚು,” ಎಂದೆ. “ಇದು ಅದೇ ಮಶೀನು ಅಂತ ನಾ ಹೇಳಾಕ ಬರೂದಿಲ್ಲ.”

ಇಂದಿಗೂ ಆ ಮಾತು ನನ್ನ ಬಾಯಲ್ಲಿ ಕಹಿಯಾಗಿದೆ. ಲೆಕ್ಕ ತಪ್ಪಿರಲಿಲ್ಲ. ಲೆಕ್ಕ ಹಾಕಿದವನು ತಪ್ಪಿದ್ದ.

ಹುಲಿಗವ್ವ ಎರಡೂ ಹೆಬ್ಬೆರಳುಗಳನ್ನು ನನ್ನ ಮುಖದ ಮುಂದೆ ಹಿಡಿದಳು. ಅಷ್ಟು ಹತ್ತಿರ ಕೆಳಗೇರಿಯ ಯಾರ ಕೈಯೂ ಬಂದಿರಲಿಲ್ಲ.

“ಈ ಉಗುರು ಎಷ್ಟು ಸಲ ಉದುರ್ಯಾವ ಎಣಿಸೀರೇನ್ರಿ ಮಾಸ್ತರ? ದಿನಾ ಬಾಗಲದಾಗ ಹಾದು ಹೋಗ್ತಿದ್ರಿ. ಹೊಸಾ ಉಗುರು ಬಂದಮ್ಯಾಲ ಕೈ ಬ್ಯಾರೆ ಆಗೇತೇನು? ಆವಾಗೂ ನನ್ನ ಕೈ, ಈವಾಗೂ ನನ್ನ ಕೈ. ಲೆಕ್ಕ ಕಲತಾವ್ರು ನೀವು, ಹೇಳ್ರಿ.”

ನಾನು ಉಳಿದ ಹತ್ತು ಭಾಗಗಳನ್ನು ಮತ್ತೆ ಎಣಿಸತೊಡಗಿದೆ.

“ಬಿಡು ಬೇ,” ಎಂದಳು ಫಕೀರಮ್ಮ. “ಮಾಸ್ತರ್ರು ಹತ್ತರ ತನಕ ಬಂದಾರ. ಮುಂದಿಂದು ಇನ್ನ ಪಾಠ ಆಗಿಲ್ಲ.”

ಹುಲಿಗವ್ವ ಶಾಮೀದಸಾಬನ ಕಡೆ ತಿರುಗಿದಳು. “ಕಾಕಾ, ಒಮ್ಮಿಗೇ ಬಿಚ್ಚಬ್ಯಾಡ. ಒಂದು ತಗಿ, ಒಂದು ಹಾಕು. ನಡುವ ಬೀಳಲಾರದಂಗ ನಾವು ಹಿಡಕೊಂಡಿರತೀವಿ. ಮಶೀನು ಒಂದು ಗಳಿಗಿನೂ ಇಲ್ಲದಂಗ ಆಗಬಾರದು. ಮತ್ತ ಒಳಗ ಬ್ಯಾಡ. ಸಂತಿ ದಿನ, ಹೊರಗ, ಎಲ್ಲಾರೂ ನೋಡೂಹಂಗ ಮಾಡು.”

“ಸಾವ್ಕಾರ ನೋಡತಾನಬೇ.”

“ನೋಡ್ಲಿ ಅಂತನ.”

ಕುಲುಮೆ ವಖಾರಿಯ ಎದುರಿಗೇ ಇತ್ತು. ಸಂತೆಯ ದಿನ ಬೆಳಿಗ್ಗೆ ಚೌಕಟ್ಟನ್ನು ದಾರಿಯ ಬದಿಗೆ ತಂದು ನಿಲ್ಲಿಸಿದರು. ಮುರಿದ ಕಾಲಿನ ಜಾಗದಲ್ಲಿ ಫಕೀರಮ್ಮ ಭುಜ ಕೊಟ್ಟು ಕುಳಿತಳು. ಇಬ್ಬರು ಅಡ್ಡಪಟ್ಟಿ ಹಿಡಿದರು. ಹುಲಿಗವ್ವ ಜಾಲರಿಯ ಅಂಚು ಹಿಡಿದಳು. ಶಾಮೀದಸಾಬ ಒಂದು ಸರಳು ಬಿಚ್ಚುವನು, ಹೊಸ ಸರಳು ಕಾಯಿಸಿ ಬಡಿದು ಕೂರಿಸುವನು, ಆಮೇಲೆ ಇನ್ನೊಂದು. ಕೆಂಪಗೆ ಕಾದ ಮೊಳೆಯ ಬಿಸಿ ಕಬ್ಬಿಣದಲ್ಲಿ ಹರಿದು ಹಿಡಿದವರ ಅಂಗೈಗೆ ಬರುತ್ತಿತ್ತು. ಒದ್ದೆ ಗೋಣಿಚೀಲ ಸುತ್ತಿಕೊಂಡರು. ಗೋಣಿ ಹೊಗೆಯಾಡಿತು. ಬಿಡಲಿಲ್ಲ. ಒಬ್ಬಳ ಕೈ ಸೋತರೆ ಅವಳ ಕೈಯ ಪಕ್ಕದಲ್ಲಿ ಇನ್ನೊಬ್ಬಳು ಕೈ ಇಡುವಳು, ಅನಂತರವೇ ಮೊದಲಿನವಳು ತೆಗೆಯುವಳು. ಕಳಚಿದ ಚೂರುಗಳನ್ನು ಒಂದು ಚಾಪೆಯ ಮೇಲೆ ಸಾಲಾಗಿ ಇಟ್ಟರು. ಸಂತೆಗೆ ಬಂದ ಜನ ಸುತ್ತ ನಿಂತರು. ವಖಾರಿಯ ಹೆಂಗಸರು ಒಳಗಿನಿಂದ ಕತ್ತು ಚಾಚಿ ನೋಡಿದರು. ಕೊಟ್ರಪ್ಪ ಗದರಿದ. ಅವರು ಮತ್ತೆ ಚಾಚಿದರು.

ಹೊತ್ತು ಇಳಿಮುಖವಾಗುವಾಗ ಹದಿಮೂರನೆಯ ಭಾಗ ಕೂತಿತು. ಆಗ ಅಮೀನ ಬಂದ. ಹಿಂದೆ ದೇವೇಂದ್ರಪ್ಪ. ನಾನು ಗುಂಪಿನ ಅಂಚಿನಲ್ಲಿದ್ದೆ.

“ಇದು ಹೊಸಾದು. ಜಪ್ತಿ,” ಎಂದ ಅಮೀನ. “ಪಂಚನಾಮೆ ಬರೀತೀನಿ. ಕೈ ಬಿಡ್ರಿ.”

ಯಾರೂ ಬಿಡಲಿಲ್ಲ.

“ಕಿವಿ ಕೇಳಸೂದಿಲ್ಲೇನು?”

“ಕೇಳಸೇತ್ರಿ,” ಎಂದಳು ಹುಲಿಗವ್ವ. “ಬರೀರಿ. ಹೊಸಾದು ಅಂತನ ಬರೀರಿ. ಆದ್ರ ಅದಕ ಮೊದಲ ಹಳೇದು ಎಲ್ಲಿ ಹೋತು ಬರೀರಿ.”

“ಏನು?”

“ಬನದ ಹುಣ್ಣಿವಿಗಿ ಮೊದಲ ನೀವ ಬಂದು ನೋಡಿ ಹೋಗೀರಿ. ಬೇವಿನ ಗಿಡದ ಬುಡಕ ಒಂದು ಮಶೀನು ಇತ್ತು. ಮುಟ್ಟಬ್ಯಾಡ್ರಿ ಅಂತ ಕಾಗದದಾಗ ಇತ್ತು. ನೀವ ಓದೀರಿ. ಅದು ಎಲ್ಲಿ ಹೋತು? ಇದು ಹೊಸಾದಾದ್ರ ಅದನ್ನ ಯಾರೋ ಮುರದಾರ. ಯಾರು ಮುರದ್ರು, ಹೆಸರು ಬರೀರಿ. ಯಾರು ಕಳಿಸಿದ್ರು, ಅದನ್ನೂ ಬರೀರಿ. ಚೂರು ಚಾಪಿಮ್ಯಾಲ ಅದಾವ, ಎಣಿಸ್ಕೋರಿ. ಅದೆಲ್ಲ ಬರದಮ್ಯಾಲ ಇದನ್ನ ಹೊಸಾದು ಅಂತ ಬರೀರಿ. ನಾನ ಹೆಬ್ಬಟ್ಟು ಒತ್ತತೀನಿ.”

ಅಮೀನನ ಲೇಖಣಿ ಕಾಗದದ ಮೇಲೆಯೇ ಇತ್ತು. ಅವನು ದೇವೇಂದ್ರಪ್ಪನ ಮುಖ ನೋಡಿದ. ದೇವೇಂದ್ರಪ್ಪ ಕೊಟ್ರಪ್ಪನನ್ನು ನೋಡಿದ. ಕೊಟ್ರಪ್ಪ ನಾಲ್ಕು ಜನ ಹಮಾಲರನ್ನು ನೋಡಿದ. ಅವರಲ್ಲಿ ಒಬ್ಬ ಅದಾಗಲೇ ಗುಂಪಿನಿಂದ ಹಿಂದಕ್ಕೆ ಸರಿಯುತ್ತಿದ್ದ. ಹೆದರಿದ ಹಮಾಲ ಬಾಯಿ ಬಿಡುತ್ತಾನೆ. ಅದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

“ಹಳೇದು ಇದ್ರ ಹಳೇದು ಅಂತ ಬರದುಬಿಡ್ರಿ,” ಎಂದ ದೇವೇಂದ್ರಪ್ಪ. ದನಿ ಮೆತ್ತಗೇ ಇತ್ತು. “ನಂದೇನು ಹಟ ಇಲ್ಲ. ಆದ್ರ ಪಂಚರು ಓದು ಬರಹ ಬಲ್ಲಾವ್ರು ಇರಬೇಕು. ಇಲ್ಲಾಂದ್ರ ಅದು ನಿಲ್ಲೂದಿಲ್ಲ.”

ಅಮೀನ ಬರೆದ. ಯಂತ್ರ ಒಂದು, ಹಳೆಯದು, ಮರಮ್ಮತ್ತಾದದ್ದು. ಅನಂತರ ತಲೆಯೆತ್ತಿ ಗುಂಪನ್ನು ನೋಡಿದ. ಶಾನುಭೋಗರ ತಮ್ಮ ಸಂತೆಯ ಕಡೆ ನಡೆದ. ಅಂಗಡಿಯವರು ಅಂಗಡಿಗಳಿಗೆ ಹೋದರು. ಓದು ಬರಹ ಬಲ್ಲವನು ಅಲ್ಲಿ ಒಬ್ಬನೇ ಉಳಿದ.

“ಮಾಸ್ತರ್ರ,” ಎಂದ ದೇವೇಂದ್ರಪ್ಪ, “ನೀವು ಸರ್ಕಾರದ ಪಗಾರ ತಗೊಳ್ಳಾವ್ರು. ಸುಳ್ಳಿಗಿ ಸಹಿ ಮಾಡಿದ್ರ ಮ್ಯಾಲ ಕೇಳಾವ್ರು ಇರ್ತಾರ. ಎಣಿಸಿ ಸಹಿ ಮಾಡ್ರಿ.”

ಎಣಿಸಿದೆ. ಚೌಕಟ್ಟಿನಲ್ಲಿ ಹತ್ತು ಹಳೆಯವು, ಹದಿಮೂರು ಹೊಸವು. ಚಾಪೆಯ ಮೇಲೆ ಹದಿಮೂರು ಮುರಿದವು. ಚೌಕಟ್ಟಿನ ಮೇಲೆ ಎಂಟು ಕೈಗಳು. ಬೆಳಿಗ್ಗೆಯಿಂದ ಒಂದು ಗಳಿಗೆಯೂ ಅಲ್ಲಿ ಕೈ ಇಲ್ಲದೆ ಇರಲಿಲ್ಲ. ಅದು ನಾನು ಕುಲುಮೆಯಲ್ಲಿ ಹಾಕಿದ ಲೆಕ್ಕದಲ್ಲಿ ಸೇರಿರಲಿಲ್ಲ. ಅಮೀನ ಲೇಖಣಿ ಚಾಚಿದ. ಅದನ್ನು ತೆಗೆದುಕೊಂಡೆ. ಪೂರ್ತಿ ಹೆಸರು ಬರೆದೆ, ಸಾಲೆಯ ಹೆಸರು ಬರೆದೆ, ತಾರೀಖು ಹಾಕಿದೆ.

ಹುಲಿಗವ್ವ ಚೌಕಟ್ಟಿನಿಂದ ಕೈ ತೆಗೆದಳು. ಅಂಗೈಯ ಚರ್ಮ ಗೋಣಿಗೆ ಅಂಟಿ ಬಂತು. ಅವಳು ಅದನ್ನು ನೋಡಲಿಲ್ಲ. ಕಾಗದವನ್ನು ನೋಡಿದಳು, ಅದರ ಮೇಲಿನ ಒದ್ದೆ ಮಸಿಯನ್ನು ನೋಡಿದಳು.

“ಆತೇನ್ರಿ ಮಾಸ್ತರ?”

“ಆತು.”

“ಹಂಗಾದ್ರ ಅತ್ತಾಗ ಸರೀರಿ. ಕಾಯಿ ಸುರೀಬೇಕು.”

ನಾನು ಸರಿದು ನಿಂತೆ. ಫಕೀರಮ್ಮ ಚೀಲದ ಬಾಯಿ ಬಿಚ್ಚಿದಳು.